ಹಳೆಯ ಸುಬಾರು ಕಾರು ಮನೆಯಲ್ಲೇ ರಿಪೇರಿ: ಮೊದಲು ನೋಡಬೇಕಾದ್ದೇನು, ಕೈ ಹಾಕಬಾರದ್ದು ಯಾವುದಕ್ಕೆ?

ಅಮೆರಿಕದ ವರ್ಮಾಂಟ್, ಕೊಲರಾಡೊ, ವಾಷಿಂಗ್ಟನ್‌ನಂಥ ಹಿಮ ಬೀಳುವ ರಾಜ್ಯಗಳಲ್ಲಿ ಓದಲು ಹೋದವರ ಮೊದಲ ಕಾರು ಎಷ್ಟೋ ಸಲ ಹದಿನೈದು ಇಪ್ಪತ್ತು ವರ್ಷ ಹಳೆಯ ಸುಬಾರು ಆಗಿರುತ್ತದೆ. ಕಾರಣ ಸರಳ. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುತ್ತದೆ, ಹಿಮದಲ್ಲಿ ಜಾರುವುದು ಕಡಿಮೆ, ಸೆಕೆಂಡ್ ಹ್ಯಾಂಡ್ ಬೆಲೆಯೂ ಕೈಗೆಟಕುತ್ತದೆ. ಒಂದು ವರ್ಷ ಚೆನ್ನಾಗಿ ಓಡುತ್ತದೆ. ಆಮೇಲೆ ಒಂದು ದಿನ ಹೆದ್ದಾರಿಯಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಗ್ಯಾರೇಜಿನವರು ಹೇಳುವ ರಿಪೇರಿ ಖರ್ಚು ಕಾರಿಗೆ ಕೊಟ್ಟ ಬೆಲೆಯನ್ನೇ ಮೀರಿಸುತ್ತದೆ. ಮೂಗಿಗಿಂತ ಮೂಗುತಿ ಭಾರ!

ಆಗ ಉಳಿಯುವುದು ಎರಡೇ ದಾರಿ. ಒಂದೋ ಗುಜರಿಗೆ ಹಾಕುವುದು, ಇಲ್ಲವೇ ಸ್ವತಃ ಸ್ಪ್ಯಾನರ್ ಹಿಡಿಯುವುದು. ಎರಡನೆಯ ದಾರಿ ಹಿಡಿದವರು ಅಲ್ಲಿ ಸಾಕಷ್ಟು ಮಂದಿ ಇದ್ದಾರೆ. ಮನೆ ಮುಂದಿನ ಜಾಗದಲ್ಲಿ, ವಾರಾಂತ್ಯದಲ್ಲಿ, ಹಳೆಯ ಲೆಗಸಿ, ಔಟ್‌ಬ್ಯಾಕ್, ಇಂಪ್ರೆಜಾ, ಫಾರೆಸ್ಟರ್‌ಗಳನ್ನು ಬಿಚ್ಚಿ ಜೋಡಿಸುವವರಿಂದಲೇ ಈ ಕಾರುಗಳು ಇಂದಿಗೂ ರಸ್ತೆಯಲ್ಲಿವೆ.

ಆದರೆ ಹಳೆಯ ಸುಬಾರು ಕೈಕೊಡುವುದು ಬಹುಪಾಲು ಮೂರು ಕಡೆಯಿಂದ: ಬಿಸಿ, ಬೆಲ್ಟ್, ಆಯಿಲ್. ಈ ಮೂರನ್ನು ಸರಿಪಡಿಸದೆ ದೊಡ್ಡ ಸೈಲೆನ್ಸರ್, ಹೊಸ ಚಕ್ರ, ಟರ್ಬೊ ಅಂತ ಹೋದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ. ಹಾಗಾಗಿ ಇಲ್ಲಿ ರಿಪೇರಿ ಮೊದಲು, ಮಾಡಿಫಿಕೇಶನ್ ಆಮೇಲೆ. 1990ರಿಂದ ಸುಮಾರು 2010ರವರೆಗಿನ ಕಾರುಗಳೇ ಇಲ್ಲಿ ಮುಖ್ಯ. ಭಾರತದಲ್ಲೂ ಬೇರೆ ಹೆಸರಿನಲ್ಲಿ ಓಡಾಡಿದ ಒಂದು ಸುಬಾರು ಇದೆ, ಅದರ ವಿಚಾರ ಕೊನೆಯಲ್ಲಿ.

ಹೆಸರಲ್ಲೇ ಕೃತ್ತಿಕೆ

ಸುಬಾರು ಎಂದರೆ ಜಪಾನಿ ಭಾಷೆಯಲ್ಲಿ ನಮ್ಮ ಕೃತ್ತಿಕಾ ನಕ್ಷತ್ರಪುಂಜ. ಮುಂಗಾರಿಗೆ ಮುಂಚೆ ಬರುವ ಕೃತ್ತಿಕೆ ಮಳೆಯ ಅದೇ ಕೃತ್ತಿಕೆ. ಷಣ್ಮುಖನನ್ನು ಸಾಕಿದ ಕೃತ್ತಿಕೆಯರು ಆರು ಮಂದಿ, ಸುಬಾರು ಲಾಂಛನದಲ್ಲೂ ಆರೇ ನಕ್ಷತ್ರ. ಆದರೆ ಲಾಂಛನದ ಕಥೆ ಬೇರೆ. ನಕಾಜಿಮಾ ಎಂಬ ವಿಮಾನ ತಯಾರಿಕಾ ಕಂಪನಿ ಎರಡನೇ ಮಹಾಯುದ್ಧದ ನಂತರ ಒಡೆದು ಹಲವು ತುಂಡಾಗಿತ್ತು. ಅದರಲ್ಲಿ ಐದು ಕಂಪನಿಗಳು ಮತ್ತೆ ಒಂದಾಗಿ 1953ರಲ್ಲಿ ಫುಜಿ ಹೆವಿ ಇಂಡಸ್ಟ್ರೀಸ್ ಹುಟ್ಟಿತು. ಐದು ಸಣ್ಣ ನಕ್ಷತ್ರ, ಒಂದು ದೊಡ್ಡ ನಕ್ಷತ್ರ ಬಂದದ್ದು ಹೀಗೆ. ಕಂಪನಿ ತನ್ನ ಹೆಸರನ್ನೇ ಸುಬಾರು ಎಂದು ಬದಲಿಸಿಕೊಂಡದ್ದು 2017ರಲ್ಲಿ.

ಮಲಗಿರುವ ಎಂಜಿನ್

ನಮ್ಮ ಮಾರುತಿ, ಹ್ಯುಂಡೈ ಕಾರುಗಳಲ್ಲಿ ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಸುಬಾರುವಿನಲ್ಲಿ ಎರಡು ಎಡಕ್ಕೆ, ಎರಡು ಬಲಕ್ಕೆ ಮಲಗಿರುತ್ತವೆ. ಪಿಸ್ಟನ್‌ಗಳು ಬಾಕ್ಸಿಂಗ್ ಪಟುಗಳ ಗುದ್ದಿನಂತೆ ಎದುರುಬದುರಾಗಿ ಚಲಿಸುವುದರಿಂದ ಇದಕ್ಕೆ ಬಾಕ್ಸರ್ ಎಂಜಿನ್ ಎಂಬ ಹೆಸರು. 1966ರ ಸುಬಾರು 1000 ಮಾದರಿಯಿಂದ ಈ ವಿನ್ಯಾಸ ನಡೆದುಕೊಂಡು ಬಂದಿದೆ. ಎಂಜಿನ್ ಎತ್ತರ ಕಡಿಮೆ, ಭಾರ ನೆಲಕ್ಕೆ ಹತ್ತಿರ, ಹಾಗಾಗಿ ತಿರುವಿನಲ್ಲಿ ಕಾರು ಸ್ಥಿರ. 1989ರಲ್ಲಿ ಲೆಗಸಿ ಜೊತೆ ಬಂದ ಇಜೆ ಸರಣಿಯ ಎಂಜಿನ್‌ಗಳೇ ನಂತರದ ಎರಡು ದಶಕ ಸುಬಾರು ಕಾರುಗಳ ಬೆನ್ನೆಲುಬು.

ಮನೆಯಲ್ಲಿ ರಿಪೇರಿ ಮಾಡುವವರಿಗೆ ಇದರಿಂದ ಅನುಕೂಲವೂ ಇದೆ, ಕಿರಿಕಿರಿಯೂ ಇದೆ. ಬಾನೆಟ್ ಎತ್ತಿದರೆ ಎಂಜಿನ್‌ನ ಮುಂಭಾಗ ನೇರವಾಗಿ ನಿಮ್ಮ ಎದುರಿಗೇ ಇರುತ್ತದೆ. ರೇಡಿಯೇಟರ್ ಫ್ಯಾನ್‌ಗಳನ್ನು ಬಿಚ್ಚಿದರೆ ಬೆಲ್ಟ್ ಕೆಲಸಕ್ಕೆ ಸಾಕಷ್ಟು ಜಾಗ. ಆದರೆ ಸ್ಪಾರ್ಕ್ ಪ್ಲಗ್‌ಗಳು ಮೇಲಿಲ್ಲ, ಎರಡೂ ಪಕ್ಕದಲ್ಲಿ ಚಾಸಿಗೆ ಎದುರಾಗಿ ಅಡಗಿವೆ. ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ಏರ್ ಫಿಲ್ಟರ್ ಡಬ್ಬಿ ತೆಗೆದು, ಮಣಿಯುವ ಎಕ್ಸ್‌ಟೆನ್ಷನ್ ಹಾಕಿದ ಸಾಕೆಟ್ ಒಳಗೆ ತೂರಿಸಿದರೆ ಮಾತ್ರ ಕೈಗೆ ಸಿಗುತ್ತವೆ. ಮೊದಲ ಸಲ ಅರ್ಧ ದಿನ ಹಿಡಿದರೂ ಬೇಸರ ಬೇಡ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಈ ಕೆಲಸ ಮಾಡಿ, ಬಿಸಿಯಿರುವ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ಎಳೆದರೆ ಥ್ರೆಡ್ ಹಾಳಾಗುವ ಅಪಾಯವಿದೆ.

ಹೆಡ್ ಗ್ಯಾಸ್ಕೆಟ್: ಕುಖ್ಯಾತಿಯ ಮೂಲ

ಸುಬಾರು ಎಂದ ಕೂಡಲೇ ಅಮೆರಿಕದ ಮೆಕ್ಯಾನಿಕ್‌ಗಳು ಹೇಳುವ ಮೊದಲ ಮಾತು ಹೆಡ್ ಗ್ಯಾಸ್ಕೆಟ್. ಎಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವೆ ಕೂರುವ ತೆಳುವಾದ ಹಾಳೆ ಇದು. ಉರಿಯುವ ಅನಿಲ, ಆಯಿಲ್, ಕೂಲಂಟ್ ಈ ಮೂರೂ ಒಂದರೊಳಗೊಂದು ಬೆರೆಯದಂತೆ ತಡೆಯುವುದೇ ಇದರ ಕೆಲಸ. ತೊಂದರೆಗೆ ಹೆಸರಾದದ್ದು 2.5 ಲೀಟರ್‌ನ ಟರ್ಬೊ ಇಲ್ಲದ ಎಂಜಿನ್. ಅದರಲ್ಲೂ ಎರಡು ಬಗೆ ಇದೆ, ಎರಡರ ರೋಗಲಕ್ಷಣವೂ ಬೇರೆ ಬೇರೆ. ಇದನ್ನು ತಿಳಿಯದೆ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ.

1996ರಿಂದ 1999ರವರೆಗಿನ ಎಂಜಿನ್‌ಗಳಲ್ಲಿ ಪ್ರತಿ ಹೆಡ್‌ಗೆ ಎರಡು ಕ್ಯಾಮ್‌ಶಾಫ್ಟ್. ಇವು ಒಳಗೊಳಗೇ ಸೋರುತ್ತವೆ. ಸಿಲಿಂಡರ್‌ನ ಅನಿಲ ಕೂಲಂಟ್ ಹಾದಿಗೆ ನುಗ್ಗುತ್ತದೆ. ಹೊರಗಡೆ ಒಂದು ಹನಿಯೂ ಕಾಣದು. ಊರೊಳಗೆ ಓಡಿಸಿದರೆ ಏನೂ ಇಲ್ಲ, ಹೆದ್ದಾರಿಯಲ್ಲಿ ಅರ್ಧ ಗಂಟೆ ಹೋದರೆ ಮುಳ್ಳು ಏರುತ್ತದೆ, ಇದ್ದಕ್ಕಿದ್ದಂತೆ ಹೀಟರ್‌ನಿಂದ ತಣ್ಣನೆ ಗಾಳಿ ಬರುತ್ತದೆ. ಎಂಜಿನ್ ಚಾಲೂ ಇರುವಾಗ ಕೂಲಂಟ್‌ನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೋಡಾ ಬಾಟಲಿಯಂತೆ ಗುಳ್ಳೆ ಏಳುತ್ತಿದ್ದರೆ ಅನುಮಾನ ಬಲವಾಯಿತು ಎಂದೇ ಅರ್ಥ. ಖಚಿತಪಡಿಸಿಕೊಳ್ಳಲು ಒಂದು ಅಗ್ಗದ ಪರೀಕ್ಷೆಯೂ ಇದೆ. ರೇಡಿಯೇಟರ್ ಬಾಯಿಗೆ ಇಡುವ ಗಾಜಿನ ಕೊಳವೆಯಲ್ಲಿ ನೀಲಿ ದ್ರವ ತುಂಬಿರುತ್ತದೆ, ಉರಿದ ಅನಿಲ ತಾಗಿದರೆ ಅದು ಹಳದಿಗೆ ತಿರುಗುತ್ತದೆ. ಎಂಜಿನ್ ಬಿಚ್ಚುವ ಮುಂಚೆ ಈ ಪರೀಕ್ಷೆ ಮಾಡಲೇಬೇಕು. ಏಕೆಂದರೆ ಕೆಟ್ಟ ಥರ್ಮೋಸ್ಟಾಟ್, ಕಟ್ಟಿಕೊಂಡ ರೇಡಿಯೇಟರ್, ತಿರುಗದ ಫ್ಯಾನ್, ಇವೆಲ್ಲವೂ ಕಾರನ್ನು ಬಿಸಿ ಮಾಡುತ್ತವೆ. ಇವುಗಳ ಖರ್ಚು ಗ್ಯಾಸ್ಕೆಟ್ ಖರ್ಚಿಗಿಂತ ಬಹಳ ಕಡಿಮೆ.

ನಂತರ ಬಂದ, ಪ್ರತಿ ಹೆಡ್‌ಗೆ ಒಂದೇ ಕ್ಯಾಮ್‌ಶಾಫ್ಟ್ ಇರುವ ಎಂಜಿನ್‌ಗಳು ಸಾಮಾನ್ಯವಾಗಿ ಹೊರಗೆ ಸೋರುತ್ತವೆ. ಹೆಡ್ ಮತ್ತು ಬ್ಲಾಕ್ ಕೂಡುವ ಗೆರೆಯ ಕೆಳಭಾಗದಲ್ಲಿ, ಹೆಚ್ಚಾಗಿ ಎಡಗಡೆಯಲ್ಲಿ, ಆಯಿಲ್ ಅಥವಾ ಕೂಲಂಟ್ ಜಿನುಗುತ್ತದೆ. ಎಡ ಎಂದರೆ ಕಾರಿನೊಳಗೆ ಕೂತು ಮುಂದೆ ನೋಡುವವರ ಎಡ. ಇದು ನಿಧಾನದ ಕಾಯಿಲೆ. ಕೂಲಂಟ್ ಮಟ್ಟ ನೋಡಿಕೊಳ್ಳುತ್ತಾ ಕೆಲವರು ವರ್ಷಗಟ್ಟಲೆ ಓಡಿಸಿದ್ದೂ ಇದೆ. ಈ ಸೋರಿಕೆಗಾಗಿ ಸುಬಾರು ಕಂಪನಿಯೇ ಕೂಲಂಟ್‌ಗೆ ಬೆರೆಸುವ ಕಂಡೀಷನರ್ ದ್ರವ ಹೊರತಂದಿತ್ತು. ಆದರೆ ಇಲ್ಲೊಂದು ಮೋಸವಿದೆ. ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್ ಹಳತಾದರೂ ಆಯಿಲ್ ಇಳಿದು ಅದೇ ಜಾಗದಲ್ಲಿ ಹನಿಯುತ್ತದೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತದೆ. ಎಂಜಿನ್ ಅಡಿಭಾಗವನ್ನು ಚೆನ್ನಾಗಿ ತೊಳೆದು, ನಾಲ್ಕು ದಿನ ಓಡಿಸಿ, ಮತ್ತೆ ಟಾರ್ಚ್ ಹಿಡಿದು ನೋಡಿ. ವಾಲ್ವ್ ಕವರ್ ಕೆಲಸವನ್ನು ಮನೆಯಲ್ಲಿ ಒಂದೇ ದಿನದಲ್ಲಿ ಮುಗಿಸಬಹುದು.

ಹೆಡ್ ಗ್ಯಾಸ್ಕೆಟ್‌ಅನ್ನೇ ಬದಲಿಸಬೇಕಾದರೆ ಬಹಳಷ್ಟು ಅನುಭವಿಗಳು ಎಂಜಿನ್ ಹೊರಗೆ ಎತ್ತಿಯೇ ಮಾಡುತ್ತಾರೆ. ಸುಬಾರುವಿನಲ್ಲಿ ಎಂಜಿನ್ ಎತ್ತುವುದು ಕೇಳುವುದಕ್ಕೆ ಭಯ ಹುಟ್ಟಿಸಿದರೂ ಬೇರೆ ಕಾರುಗಳಿಗಿಂತ ಸುಲಭ. ಹೊಸದಾಗಿ ಹಾಕುವ ಗ್ಯಾಸ್ಕೆಟ್ ಹಲವು ಪದರದ ಉಕ್ಕಿನದಾಗಿರಲಿ, ಹಳೆಯ ನಮೂನೆಯದು ಬೇಡ. ಆದರೆ ಉಕ್ಕಿನ ಗ್ಯಾಸ್ಕೆಟ್ ಕೂರಬೇಕಾದರೆ ಮೇಲ್ಮೈ ಕನ್ನಡಿಯಂತೆ ಸಮತಟ್ಟಾಗಿರಬೇಕು. ಹೆಡ್‌ಗಳನ್ನು ಮಷೀನ್ ಶಾಪ್‌ಗೆ ಕೊಟ್ಟು ಸಮ ಮಾಡಿಸದೆ ಮರಳು ಕಾಗದದಲ್ಲಿ ಉಜ್ಜಿ ಮುಗಿಸಿದವರು ವರ್ಷದೊಳಗೆ ಎರಡನೇ ಸಲ ಎಂಜಿನ್ ಎತ್ತುತ್ತಾರೆ. ಹೆಡ್ ಬೋಲ್ಟ್‌ಗಳನ್ನೂ ಸುಮ್ಮನೆ ಬಿಗಿಯುವಂತಿಲ್ಲ. ಕಂಪನಿಯ ಕೈಪಿಡಿಯಲ್ಲಿರುವ ಕ್ರಮದಂತೆ ಬಿಗಿದು, ಸಡಿಲಿಸಿ, ಮತ್ತೆ ಬಿಗಿದು, ಕೊನೆಗೆ ಇಂತಿಷ್ಟು ಡಿಗ್ರಿ ತಿರುಗಿಸಬೇಕು. ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಲೇಬೇಡಿ.

ಕೊನೆಯ ಹಂತದಲ್ಲಿ ಎಡವುವವರೂ ಉಂಟು. ಕೂಲಂಟ್ ತುಂಬುವಾಗ ಮಲಗಿರುವ ಎಂಜಿನ್‌ನಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಸುಲಭ. ಮೇಲಿನ ಹೋಸ್ ಮೂಲಕ ನಿಧಾನವಾಗಿ ತುಂಬಿಸಿ, ರೇಡಿಯೇಟರ್‌ನ ಮೂಲೆಯ ಸಣ್ಣ ಗಾಳಿ ತಿರುಪನ್ನು ಸಡಿಲಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಗುಳ್ಳೆ ನಿಲ್ಲುವವರೆಗೆ ಕಾಯಬೇಕು. ಗಾಳಿ ಉಳಿದರೆ ಹೊಸ ಗ್ಯಾಸ್ಕೆಟ್ ಹಾಕಿದ ಎಂಜಿನ್ ಕೂಡ ಮೊದಲ ದಿನವೇ ಕಾದು ಕೆಂಪಾಗುತ್ತದೆ. ಥರ್ಮೋಸ್ಟಾಟ್ ಮಾತ್ರ ಕಂಪನಿಯ ಅಸಲಿಯೇ ಇರಲಿ, ಅಗ್ಗದ್ದು ಬೇಡ. ಇಳಿಸಿದ ಹಳೆಯ ಕೂಲಂಟ್ ವಿಷ. ಸಿಹಿ ರುಚಿ ಇರುವುದರಿಂದ ನಾಯಿಗಳು ನೆಕ್ಕಿ ಸಾಯುತ್ತವೆ, ಮಕ್ಕಳಿಗೂ ಅಪಾಯ. ತೆರೆದ ಬಕೆಟ್‌ನಲ್ಲಿ ಬಿಟ್ಟು ಊಟಕ್ಕೆ ಏಳಬೇಡಿ.

ಟೈಮಿಂಗ್ ಬೆಲ್ಟ್: ಕಡಿದರೆ ಎಂಜಿನ್ನೇ ಹೋಯಿತು

ಇಜೆ ಎಂಜಿನ್‌ಗಳಲ್ಲಿ ಚೈನ್ ಇಲ್ಲ, ರಬ್ಬರ್ ಬೆಲ್ಟ್ ಇದೆ. ಅಮೆರಿಕದಲ್ಲಿ ಕಂಪನಿ ಹೇಳುವ ಅವಧಿ 1,05,000 ಮೈಲಿ ಅಥವಾ 105 ತಿಂಗಳು, ಯಾವುದು ಮೊದಲೋ ಅದು. ಅಂದರೆ ಸುಮಾರು 1.69 ಲಕ್ಷ ಕಿಲೋಮೀಟರ್ ಅಥವಾ ಒಂಬತ್ತು ವರ್ಷಕ್ಕೆ ಮೂರು ತಿಂಗಳು ಕಡಿಮೆ. ಹಳೆಯ ಕಾರು ಕೊಳ್ಳುವವರು ಕಿಲೋಮೀಟರ್ ನೋಡುತ್ತಾರೆ, ತಿಂಗಳು ಮರೆಯುತ್ತಾರೆ. ಶೆಡ್‌ನಲ್ಲಿ ನಿಂತೇ ಇದ್ದ ಕಾರಿನ ರಬ್ಬರೂ ಮುದಿಯಾಗುತ್ತದೆ.

2.5 ಲೀಟರ್ ಎಂಜಿನ್‌ನಲ್ಲಿ ಬೆಲ್ಟ್ ಕಡಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. 1990ರ ದಶಕದ ಮೊದಲರ್ಧದ 2.2 ಲೀಟರ್ ಎಂಜಿನ್‌ಗೆ ಈ ಶಾಪವಿಲ್ಲ, ಬೆಲ್ಟ್ ಕಡಿದರೆ ಕಾರು ನಿಲ್ಲುತ್ತದೆ ಅಷ್ಟೇ. ಹಳೆಯ ಸುಬಾರು ಪ್ರಿಯರು ಆ 2.2 ಎಂಜಿನ್‌ ಬಗ್ಗೆ ಗೌರವದಿಂದ ಮಾತಾಡುವುದು ಇದಕ್ಕೇ.

ಬೆಲ್ಟ್ ಒಂದನ್ನೇ ಬದಲಿಸುವುದು ಅರ್ಧ ಕೆಲಸ. ನಿಜವಾಗಿ ಮೊದಲು ಕೈಕೊಡುವುದು ಅದರ ಹಾದಿಯಲ್ಲಿರುವ ಐಡ್ಲರ್ ಪುಲ್ಲಿಗಳ ಬೇರಿಂಗ್, ಇಲ್ಲವೇ ಟೆನ್ಷನರ್. ವಾಟರ್ ಪಂಪ್ ತಿರುಗುವುದೂ ಇದೇ ಬೆಲ್ಟ್‌ನಿಂದ. ಬೆಲ್ಟ್, ಪುಲ್ಲಿಗಳು, ಟೆನ್ಷನರ್, ಪಂಪ್ ಎಲ್ಲವೂ ಸೇರಿದ ಕಿಟ್ ಸಿಗುತ್ತದೆ, ಐಸಿನ್ ಕಂಪನಿಯ ಕಿಟ್ ಹೆಚ್ಚು ಬಳಕೆಯಲ್ಲಿದೆ. ಒಮ್ಮೆಗೇ ಎಲ್ಲ ಹಾಕಿಬಿಡಿ.

ಇನ್ನು ಗುರುತು ಹೊಂದಿಸುವ ವಿಷಯ. ಕ್ರ್ಯಾಂಕ್ ಚಕ್ರದ ಮೇಲೆ ಎದ್ದು ಕಾಣುವ ಒಂದು ಬಾಣದ ಗುರುತಿದೆ. ಹೊಸಬರು ನೂರಕ್ಕೆ ನೂರು ಅದನ್ನೇ ಮೇಲಕ್ಕೆ ತರುತ್ತಾರೆ. ಅದು ತಪ್ಪು! ಹೊಂದಿಸಬೇಕಾದ್ದು ಅದೇ ಚಕ್ರದ ಹಿಂಬದಿಯ ಹಲ್ಲಿನ ಮೇಲಿರುವ ಸಣ್ಣ ಗೆರೆಯನ್ನು, ಬ್ಲಾಕ್ ಮೇಲಿನ ಗುರುತಿಗೆ. ಆ ಸ್ಥಿತಿಯಲ್ಲಿ ನಾಲ್ಕೂ ಪಿಸ್ಟನ್ ಸಿಲಿಂಡರ್‌ನ ನಡುಮಧ್ಯೆ ನಿಂತಿರುತ್ತವೆ, ಕ್ಯಾಮ್ ಆಕಸ್ಮಿಕವಾಗಿ ತಿರುಗಿದರೂ ವಾಲ್ವ್‌ಗೆ ಪೆಟ್ಟಾಗದು. ಎರಡೆರಡು ಕ್ಯಾಮ್ ಇರುವ ಎಂಜಿನ್‌ನಲ್ಲಿ ಎಡಗಡೆಯ ಕ್ಯಾಮ್‌ಗಳು ಸ್ಪ್ರಿಂಗ್ ಒತ್ತಡದಲ್ಲಿರುತ್ತವೆ, ಬೆಲ್ಟ್ ತೆಗೆದ ಕೂಡಲೇ ಚಟ್ಟನೆ ತಿರುಗುತ್ತವೆ. ಬೆರಳು ದೂರವಿರಲಿ.

ಹಳೆಯ ಟೆನ್ಷನರ್‌ಅನ್ನೇ ಮತ್ತೆ ಹಾಕುವುದಾದರೆ ವೈಸ್‌ನಲ್ಲಿ ನೆಟ್ಟಗೆ ನಿಲ್ಲಿಸಿ ಬಹಳ ನಿಧಾನವಾಗಿ ಒತ್ತಬೇಕು, ಅವಸರ ಮಾಡಿದರೆ ಒಳಗಿನ ಸೀಲ್ ಹೋಗುತ್ತದೆ. ಬೆಲ್ಟ್ ಕೂರಿಸಿ ಟೆನ್ಷನರ್ ಪಿನ್ ಎಳೆದ ಮೇಲೆ ಸ್ಟಾರ್ಟ್ ಮಾಡುವ ಆತುರ ಬೇಡ. ಸ್ಪ್ಯಾನರ್ ಹಾಕಿ ಕ್ರ್ಯಾಂಕ್ ಅನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಚಕ್ರಗಳ ಗುರುತು ಮತ್ತೆ ಸರಿಯಾಗಿ ನಿಂತಿದೆಯೇ ನೋಡಿ. ಬೆಲ್ಟ್ ಮೇಲಿನ ಬಿಳಿ ಗೆರೆಗಳು ಆಗ ಹೊಂದುವುದಿಲ್ಲ, ಅದು ಸಹಜ, ಗಾಬರಿ ಬೇಡ. ತಿರುಗಿಸುವಾಗ ಗಟ್ಟಿಯಾಗಿ ಏನಾದರೂ ಅಡ್ಡ ಬಂದರೆ ಮಾತ್ರ ತಕ್ಷಣ ನಿಲ್ಲಿಸಿ. ಮುಂದಿನ ದೊಡ್ಡ ಪುಲ್ಲಿಯ ಬೋಲ್ಟ್‌ ಅನ್ನು ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು. ಸಡಿಲ ಉಳಿದರೆ ಪುಲ್ಲಿ ಅಲುಗಾಡಿ ಕ್ರ್ಯಾಂಕ್‌ನ ಕೀಲಿ ಜಾಗವನ್ನೇ ತಿಂದುಹಾಕುತ್ತದೆ.

ಆಯಿಲ್ ಬದಲಿಸಲು ಹೋಗಿ ಗೇರ್ ಆಯಿಲ್ ಇಳಿಸಿದರು

ಆಯಿಲ್ ಬದಲಾವಣೆ ಎಲ್ಲಕ್ಕಿಂತ ಸುಲಭದ ಕೆಲಸ. ಹಾಗಿದ್ದೂ ಅತಿ ದುಬಾರಿ ತಪ್ಪು ನಡೆಯುವುದು ಇಲ್ಲೇ. ಹಳೆಯ ಆಟೋಮ್ಯಾಟಿಕ್ ಸುಬಾರು ಅಡಿಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಮುಂದಿನ ಡಿಫರೆನ್ಷಿಯಲ್ ಮೂರಕ್ಕೂ ಬೇರೆ ಬೇರೆ ಡ್ರೈನ್ ಬೋಲ್ಟ್ ಇವೆ. ಗೊತ್ತಿಲ್ಲದವರು ಡಿಫರೆನ್ಷಿಯಲ್ ಖಾಲಿ ಮಾಡಿ, ಮೇಲಿಂದ ಎಂಜಿನ್‌ಗೆ ಇನ್ನೂ ನಾಲ್ಕು ಲೀಟರ್ ಸುರಿಯುತ್ತಾರೆ. ಎಂಜಿನ್ ತುಂಬಿ ತುಳುಕುತ್ತದೆ, ಡಿಫರೆನ್ಷಿಯಲ್ ಒಣಗಿ ಅರೆದುಹೋಗುತ್ತದೆ. ಇಳಿದ ಆಯಿಲ್‌ನ ಬಣ್ಣ, ವಾಸನೆ ನೋಡಿ. ಗಂಧಕದಂಥ ನಾತ ಬಂದರೆ ಅದು ಗೇರ್ ಆಯಿಲ್. ಮ್ಯಾನುಯಲ್ ಕಾರಿನಲ್ಲಿ ಗೇರ್‌ಬಾಕ್ಸ್ ಮತ್ತು ಮುಂದಿನ ಡಿಫರೆನ್ಷಿಯಲ್‌ಗೆ ಒಂದೇ ಆಯಿಲ್. ಹಿಂದಿನ ಡಿಫರೆನ್ಷಿಯಲ್ ಮುಟ್ಟುವಾಗ ಇನ್ನೊಂದು ಜಾಣತನ: ಮೊದಲು ತುಂಬುವ ಬೋಲ್ಟ್ ಬಿಚ್ಚಿ ನೋಡಿ, ಆಮೇಲೆ ಇಳಿಸುವ ಬೋಲ್ಟ್. ತುಕ್ಕು ಹಿಡಿದು ಮೇಲಿನದು ಬಿಚ್ಚದಿದ್ದರೆ, ಖಾಲಿ ಡಿಫರೆನ್ಷಿಯಲ್ ಇಟ್ಟುಕೊಂಡು ಎಲ್ಲಿಗೆ ಹೋಗುತ್ತೀರಿ?

ಇಜೆ ಎಂಜಿನ್‌ಗಳು ವಯಸ್ಸಾದಂತೆ ಆಯಿಲ್ ಕುಡಿಯುತ್ತವೆ. ಪೆಟ್ರೋಲ್ ಹಾಕಿಸಿದಾಗೊಮ್ಮೆ ಡಿಪ್‌ಸ್ಟಿಕ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಟರ್ಬೊ ಕಾರುಗಳಲ್ಲಿ ಆಯಿಲ್ ಕಡಿಮೆಯಾದರೆ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಹೋಗಿ ಎಂಜಿನ್ ಟಕಟಕ ಬಡಿಯಲು ಶುರುವಾಗುತ್ತದೆ. ಆ ಸದ್ದು ಕೇಳಿದ ಮೇಲೆ ಮನೆಯವರೆಗೆ ಓಡಿಸಿಕೊಂಡು ಹೋಗೋಣ ಅನ್ನುವುದೂ ತಪ್ಪು. ಕೆಲವು ಟರ್ಬೊ ಮಾದರಿಗಳಲ್ಲಿ ಟರ್ಬೊಗೆ ಆಯಿಲ್ ಹೋಗುವ ಪೈಪಿನ ಬೋಲ್ಟ್ ಒಳಗೆ ಸಣ್ಣ ಜಾಲರಿ ಇದೆ. ಅದು ಕಟ್ಟಿಕೊಂಡರೆ ಟರ್ಬೊ ಉಪವಾಸ ಬಿದ್ದು ಸಾಯುತ್ತದೆ.

ಒಂದು ಟೈರ್ ಪಂಕ್ಚರ್, ನಾಲ್ಕಕ್ಕೂ ದುಡ್ಡು

ಅಮೆರಿಕದಲ್ಲಿ 1996ರಿಂದಾಚೆಗೆ ಸುಬಾರು ಮಾರಿದ್ದು ಬಹುಪಾಲು ನಾಲ್ಕೂ ಚಕ್ರ ಎಳೆಯುವ ಕಾರುಗಳನ್ನೇ. ಈ ವ್ಯವಸ್ಥೆಯಲ್ಲಿ ನಾಲ್ಕೂ ಟೈರ್‌ಗಳ ಸುತ್ತಳತೆ ಹೆಚ್ಚುಕಡಿಮೆ ಒಂದೇ ಇರಬೇಕು, ವ್ಯತ್ಯಾಸ ಕಾಲು ಇಂಚು ಅಂದರೆ ಸುಮಾರು 6 ಮಿಲಿಮೀಟರ್ ದಾಟಬಾರದು. ಸವೆದ ಮೂರು ಟೈರ್ ಜೊತೆ ಹೊಸದೊಂದು ಹಾಕಿದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ನಡುವಿನ ಡಿಫರೆನ್ಷಿಯಲ್ ಅಥವಾ ಕ್ಲಚ್ ಸದಾ ಜಗ್ಗಾಡುತ್ತಾ ಬಿಸಿಯಾಗಿ ಕೆಡುತ್ತದೆ. ಕೊಳ್ಳುವ ಮುಂಚೆ ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹೊಡೆಯಿರಿ. ಯಾರೋ ಬ್ರೇಕ್ ಒತ್ತಿದಂತೆ ಕಾರು ಜಗ್ಗಿ ಜಗ್ಗಿ ಹೋದರೆ ಆ ಭಾಗ ಕೆಟ್ಟಿದೆ. ಹಳೆಯ ನಾಲ್ಕು ಗೇರ್‌ನ ಆಟೋಮ್ಯಾಟಿಕ್ ಮಾದರಿಗಳ ಪೈಕಿ ಹಲವುಗಳಲ್ಲಿ ಬಾನೆಟ್ ಒಳಗೆ ಒಂದು ಖಾಲಿ ಫ್ಯೂಸ್ ಜಾಗವಿದೆ. ಅಲ್ಲಿ ಫ್ಯೂಸ್ ಸಿಕ್ಕಿಸಿದರೆ ಹಿಂದಿನ ಚಕ್ರಗಳ ಎಳೆತ ನಿಲ್ಲುತ್ತದೆ. ಸಣ್ಣ ಸ್ಟೆಪ್ನಿ ಹಾಕಿಕೊಂಡು ಮನೆ ಸೇರಲು ಇದೇ ಉಪಾಯ.

ತುಕ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳ ಕಾರುಗಳಲ್ಲಿ ಹಿಂದಿನ ಚಕ್ರದ ಕಮಾನು, ಸಸ್ಪೆನ್ಷನ್ ಕೂರುವ ಜಾಗ, ಬ್ರೇಕ್ ಪೈಪ್‌ಗಳು ಮೊದಲು ಕೊಳೆಯುತ್ತವೆ. ಅಡಿಗೆ ಇಣುಕಿ, ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಲೋಹದೊಳಗೆ ಸ್ಕ್ರೂಡ್ರೈವರ್ ಇಳಿದರೆ ಎಂಜಿನ್ ಎಷ್ಟೇ ಚೆನ್ನಾಗಿರಲಿ, ಕೈಮುಗಿದು ವಾಪಸ್ ಬನ್ನಿ.

ಈಗ ಮಾಡಿಫಿಕೇಶನ್ ಮಾತು

ಸುಬಾರು ಮಾಡಿಫಿಕೇಶನ್ ಹುಚ್ಚಿಗೆ ಬೀಜ ಬಿತ್ತಿದ್ದು ರ‍್ಯಾಲಿ. ವಿಶ್ವ ರ‍್ಯಾಲಿಯಲ್ಲಿ ಕಾಲಿನ್ ಮೆಕ್‌ರೇ 1995ರಲ್ಲಿ, ರಿಚರ್ಡ್ ಬರ್ನ್ಸ್ 2001ರಲ್ಲಿ, ಪೆಟರ್ ಸೋಲ್ಬರ್ಗ್ 2003ರಲ್ಲಿ ಸುಬಾರು ಓಡಿಸಿ ಚಾಂಪಿಯನ್ ಆದರು. ನೀಲಿ ಬಣ್ಣದ ಇಂಪ್ರೆಜಾ, ಚಿನ್ನದ ಬಣ್ಣದ ಚಕ್ರ ಎಲ್ಲ ಕಡೆ ನಕಲಾಯಿತು.

ಹಳೆಯ ಸುಬಾರುಗಳ ದೊಡ್ಡ ಆಕರ್ಷಣೆ ಎಂದರೆ ಒಂದರ ಭಾಗ ಇನ್ನೊಂದಕ್ಕೆ ಕೂರುವುದು. ಗುಜರಿಯ ಡಬ್ಲ್ಯುಆರ್‌ಎಕ್ಸ್ ಬ್ರೇಕ್ ಸಾದಾ ಇಂಪ್ರೆಜಾಗೆ, ಫಾರೆಸ್ಟರ್ ಸಸ್ಪೆನ್ಷನ್ ಇಂಪ್ರೆಜಾಗೆ, ಹೀಗೆ. ಫೋಕ್ಸ್‌ವ್ಯಾಗನ್‌ನ ಹಳೆಯ ವ್ಯಾನಗನ್ ವ್ಯಾನ್‌ಗೆ ಸುಬಾರು 2.2 ಎಂಜಿನ್ ಕೂರಿಸುವುದಂತೂ ಅಮೆರಿಕದಲ್ಲಿ ಸಣ್ಣ ಉದ್ಯಮವೇ ಆಗಿದೆ. ಚಕ್ರ ಬದಲಿಸುವವರು ಮಾತ್ರ ಬೋಲ್ಟ್ ಅಳತೆ ನೋಡಲೇಬೇಕು. ಇಂಪ್ರೆಜಾ, ಫಾರೆಸ್ಟರ್‌ನಂಥ ಹಳೆಯ ಮಾದರಿಗಳಲ್ಲಿ ಐದು ಬೋಲ್ಟ್, 100 ಮಿಲಿಮೀಟರ್ ವೃತ್ತ. 2005ರಿಂದಾಚೆಯ ಎಸ್‌ಟಿಐ ಮಾದರಿಯಲ್ಲಿ 114.3 ಮಿಲಿಮೀಟರ್. 1980ರ ದಶಕದ ಕಾರುಗಳಲ್ಲಿ ನಾಲ್ಕೇ ಬೋಲ್ಟ್, 140 ಮಿಲಿಮೀಟರ್. ಒಂದಕ್ಕೊಂದು ಕೂರುವುದಿಲ್ಲ.

ಮನೆಯಲ್ಲೇ ಮಾಡಬಹುದಾದ, ನಿಜಕ್ಕೂ ಉಪಯೋಗಕ್ಕೆ ಬರುವ ಬದಲಾವಣೆಗಳು ಯಾವುವು? ಒಳ್ಳೆಯ ಬ್ರೇಕ್ ಪ್ಯಾಡ್, ಒಳ್ಳೆಯ ಟೈರ್, ಹೊಸ ಬುಷ್, ಹಿಂದಿನ ದಪ್ಪನೆಯ ಆ್ಯಂಟಿ ರೋಲ್ ಬಾರ್. ಮಣ್ಣುರಸ್ತೆಯಲ್ಲಿ ಓಡಾಡುವವರು ಒಂದೆರಡು ಇಂಚು ಎತ್ತರಿಸುತ್ತಾರೆ. ಅದಕ್ಕಿಂತ ಮೇಲೆ ಹೋದರೆ ಚಕ್ರಕ್ಕೆ ಶಕ್ತಿ ಒಯ್ಯುವ ಆ್ಯಕ್ಸೆಲ್‌ನ ಕೋನ ಬಿಗಡಾಯಿಸಿ ಅದರ ಆಯುಷ್ಯ ಕುಗ್ಗುತ್ತದೆ.

ಸುಬಾರುವಿನ ಗುಡುಗುಡು ಸದ್ದಿಗೆ ಮನಸೋತವರು ಅದು ಬಾಕ್ಸರ್ ಎಂಜಿನ್‌ನ ಸದ್ದೇ ಅಂದುಕೊಳ್ಳುತ್ತಾರೆ. ಅಸಲಿಗೆ ಎಡ ಬಲ ಸಿಲಿಂಡರ್‌ಗಳಿಂದ ಹೊರಡುವ ಎಕ್ಸಾಸ್ಟ್ ಪೈಪ್‌ಗಳ ಉದ್ದ ಬೇರೆ ಬೇರೆ ಇರುವುದರಿಂದ ಆ ತಾಳ ಹುಟ್ಟುತ್ತದೆ. ಸಮ ಉದ್ದದ ಪೈಪ್ ಹಾಕಿದ ದಿನವೇ ಸದ್ದು ಮಾಯ. ದುಡ್ಡು ಕೊಟ್ಟು ಇಷ್ಟದ ಸದ್ದನ್ನೇ ಕಳೆದುಕೊಂಡವರ ಗೋಳು ಬೇರೆ.

ಟರ್ಬೊ ಕಾರಿನಲ್ಲಿ ಆಟವಾಡುವವರು ಎಚ್ಚರ ವಹಿಸಲೇಬೇಕು. ದೊಡ್ಡ ಏರ್ ಫಿಲ್ಟರ್ ಹಾಕಿದರೆ ಗಾಳಿ ಅಳೆಯುವ ಸೆನ್ಸರ್‌ನ ಲೆಕ್ಕ ತಪ್ಪಬಹುದು. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆಯಾದರೆ ಸಿಲಿಂಡರ್ ಒಳಗೆ ಅಕಾಲದಲ್ಲಿ ಸ್ಫೋಟವಾಗಿ ಪಿಸ್ಟನ್‌ನ ರಿಂಗ್ ಕೂರುವ ಅಂಚೇ ಮುರಿಯುತ್ತದೆ. 2.5 ಲೀಟರ್ ಟರ್ಬೊ ಎಂಜಿನ್‌ನಲ್ಲಿ ಇದು ಎಲ್ಲರಿಗೂ ಗೊತ್ತಿರುವ ದೌರ್ಬಲ್ಯ. ಕಾರಿನ ಕಂಪ್ಯೂಟರ್ ಓದಿ ತಿದ್ದಲು ರೋಮ್‌ರೇಡರ್ ಎಂಬ ಉಚಿತ ತಂತ್ರಾಂಶವಿದೆ. ಮೊದಲ ಆರು ತಿಂಗಳು ಅದನ್ನು ಓದುವುದಕ್ಕಷ್ಟೇ ಬಳಸಿದರೆ ಎಂಜಿನ್ ಉಳಿಯುತ್ತದೆ. ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ.

ಇನ್ನು ಕೆಲವಕ್ಕೆ ಮನೆಯಲ್ಲಿ ಕೈ ಹಾಕದಿರುವುದೇ ಒಳ್ಳೆಯದು: ಏರ್‌ಬ್ಯಾಗ್ ವೈರಿಂಗ್, ಸಸ್ಪೆನ್ಷನ್‌ನ ಒತ್ತಿ ಹಿಡಿದ ಸ್ಪ್ರಿಂಗ್, ಪ್ರೆಸ್ ಯಂತ್ರ ಬೇಕಾಗುವ ಹಳೆಯ ಮಾದರಿಯ ಹಿಂದಿನ ಚಕ್ರದ ಬೇರಿಂಗ್. ಜಾಕ್ ಮೇಲೆ ಮಾತ್ರ ನಿಂತ ಕಾರಿನ ಅಡಿಗೆ ಯಾವ ಕಾರಣಕ್ಕೂ ತೂರಬೇಡಿ. ಎರಡು ಸ್ಟ್ಯಾಂಡ್ ಇಟ್ಟು, ಕಾರನ್ನು ಒಮ್ಮೆ ಬಲವಾಗಿ ಅಲುಗಾಡಿಸಿ ನೋಡಿಯೇ ಒಳಗೆ ಹೋಗಿ.

ಭಾರತದಲ್ಲಿ ಷೆವ್ರೊಲೆ ಹೆಸರಿನ ಸುಬಾರು

2000ರ ದಶಕದ ಮೊದಲರ್ಧದಲ್ಲಿ ಜನರಲ್ ಮೋಟಾರ್ಸ್ ಕಂಪನಿ ಫುಜಿ ಹೆವಿ ಇಂಡಸ್ಟ್ರೀಸ್‌ನಲ್ಲಿ ಶೇ 20ರಷ್ಟು ಪಾಲು ಹೊಂದಿತ್ತು. ಅದೇ ನಂಟಿನಿಂದ ಸುಬಾರು ಫಾರೆಸ್ಟರ್ ನಮ್ಮಲ್ಲಿ ಷೆವ್ರೊಲೆ ಫಾರೆಸ್ಟರ್ ಹೆಸರಿನಲ್ಲಿ ಮಾರಾಟವಾಯಿತು. 2005ರಲ್ಲಿ ಜನರಲ್ ಮೋಟಾರ್ಸ್ ಆ ಪಾಲು ಮಾರಿತು, 2017ರಲ್ಲಿ ಭಾರತದ ಮಾರುಕಟ್ಟೆಯಿಂದಲೇ ಹೊರನಡೆಯಿತು. ಹೀಗಾಗಿ ಪುಣೆ, ಮುಂಬೈ, ದೆಹಲಿಯಲ್ಲಿ ಎಲ್ಲಾದರೂ ಉಳಿದಿರುವ ಫಾರೆಸ್ಟರ್ ಮಾಲೀಕರು ಕಂಪನಿಯೂ ಇಲ್ಲದ, ಷೋರೂಮೂ ಇಲ್ಲದ ಕಾರನ್ನು ಸಾಕುತ್ತಿದ್ದಾರೆ.

ಸಮಾಧಾನದ ಸಂಗತಿ ಎಂದರೆ ಇದರೊಳಗಿನದು ಅದೇ ಇಜೆ ಸರಣಿಯ 2 ಲೀಟರ್ ಎಂಜಿನ್. ಗ್ಯಾಸ್ಕೆಟ್‌ಗೆ ಕುಖ್ಯಾತವಾದ 2.5 ಲೀಟರ್ ಅಲ್ಲ. ಆದರೆ ಟೈಮಿಂಗ್ ಬೆಲ್ಟ್ ವಯಸ್ಸು ನಿಮ್ಮ ಕಾರಿನಲ್ಲೂ ದಾಟಿರುವ ಸಾಧ್ಯತೆ ಹೆಚ್ಚು. ಕೊನೆಯ ಸಲ ಯಾವಾಗ ಬದಲಾಯಿತು ಎಂಬ ರಸೀದಿ ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ತಿಳಿಯಿರಿ. ಬಿಡಿಭಾಗ ಹುಡುಕುವಾಗ ಷೆವ್ರೊಲೆ ಹೆಸರಿನಲ್ಲಿ ಹುಡುಕಿದರೆ ಕೈಗೆ ಸಿಗುವುದು ಕಡಿಮೆ. ಚಾಸಿ ನಂಬರ್ ಕೊಟ್ಟು ಸುಬಾರು ಪಾರ್ಟ್ ನಂಬರ್ ಪಡೆದು, ಬಲಗಡೆ ಸ್ಟೀರಿಂಗ್ ಇರುವ ಜಪಾನ್, ಬ್ರಿಟನ್, ಆಸ್ಟ್ರೇಲಿಯಾಗಳ ಮಾರಾಟಗಾರರಲ್ಲಿ ವಿಚಾರಿಸಿ. ಮುಂಬೈನಂಥ ಕಡಲೂರಿನಲ್ಲಿ ಇರುವವರು ತುಕ್ಕಿನ ಪರೀಕ್ಷೆಯನ್ನೂ ಮರೆಯಬಾರದು.

ಅಮೆರಿಕದಲ್ಲಿ ನಡೆಯುವ ಎಂಜಿನ್ ಅದಲುಬದಲು ನೋಡಿ ಇಲ್ಲೂ ಕೈ ಹಾಕಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅಡ್ಡ ಬರುತ್ತದೆ. ಕಂಪನಿ ನೀಡಿದ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ. ಕೆಟ್ಟ ಎಂಜಿನ್ ತೆಗೆದು ಬೇರೊಂದು ಹಾಕುವುದಾದರೆ ಆರ್‌ಟಿಒ ಅನುಮತಿ ಮೊದಲೇ ಪಡೆದು, ಹೊಸ ಎಂಜಿನ್ ನಂಬರ್ ಅನ್ನು ಆರ್‌ಸಿಯಲ್ಲಿ ನಮೂದಿಸಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ವಿಮೆ ಹಣಕ್ಕೂ ತಕರಾರು ಬರುತ್ತದೆ. 15 ವರ್ಷ ದಾಟಿದ ಕಾರಾದ್ದರಿಂದ ಆರ್‌ಸಿ ನವೀಕರಣ ಆಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. ದೆಹಲಿ ವಲಯದಲ್ಲಿ ಹಳೆಯ ಪೆಟ್ರೋಲ್ ಕಾರುಗಳಿಗೆ ಬೇರೆಯೇ ನಿರ್ಬಂಧಗಳಿರುವುದರಿಂದ, ಅಲ್ಲಿನವರು ಬೆಲ್ಟ್ ಕಿಟ್ ತರಿಸುವ ಮುಂಚೆ ಸಾರಿಗೆ ಇಲಾಖೆಯಲ್ಲಿ ಒಮ್ಮೆ ವಿಚಾರಿಸುವುದು ಒಳ್ಳೆಯದು.